ಹನ್ನೊಂದು ನಿಮಿಷ ಅಲುಗದವಳು

"ನಿಮ್ಮ ತಂಗಿ ಪರದೇಶದಲ್ಲಿ ಏನು ಕೆಲಸದಲ್ಲಿದ್ದಾರೆ?" ಎಂದು ಯಾರಾದರೂ ಕೇಳಿದರೆ ಲಿಫ್ಟ್ ರಿಪೇರಿ ಮಾಡುವ ಅಣ್ಣನಿಗೆ ಪೀಕಲಾಟ. ರಗ್ಬಿ ಆಡುತ್ತಾಳೆ ಎಂದರೆ, "ಅದು ಸರಿ, ಕೆಲಸ ಏನು?" ಎಂದು ಮತ್ತೆ ಕೇಳುವರು. ಅದೇ ಕೆಲಸ, ಕ್ಲಬ್ಬಿನವರು ತಿಂಗಳ ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ ಎಂದರೆ ಹುಬ್ಬು ಹಣೆಗೇರುತ್ತಿತ್ತು. "ಹೆಂಗಸರೂ ಆಡ್ತಾರಾ ಅದನ್ನ?" ಹೀಗೆ ಹತ್ತಾರು ಸಲ ಆದ ಮೇಲೆ ಅಣ್ಣ ಒಂದು ಉಪಾಯ ಕಂಡುಕೊಂಡ. "ತಳ್ಳೋ ಕೆಲಸ," ಎಂದುಬಿಡುತ್ತಿದ್ದ. ಕೇಳಿದವರು ಯಾವುದೋ ಗೋದಾಮು ಇರಬೇಕೆಂದುಕೊಂಡು ಸುಮ್ಮನಾಗುತ್ತಿದ್ದರು.

ಹೇಳಿದ್ದು ಸುಳ್ಳೇನಲ್ಲ. ರಗ್ಬಿಯಲ್ಲಿ ಸ್ಕ್ರಮ್ ಅಂತ ಒಂದಿದೆ. ಒಂದು ತಂಡದ ಎಂಟು ಜನ ಬಗ್ಗಿ, ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿಕೊಂಡು, ಎದುರಿನ ಎಂಟು ಜನರ ಜೊತೆ ತಲೆಗೆ ತಲೆ ಹೆಣೆದು, ನಡುವೆ ಉರುಳಿಸಿದ ಚೆಂಡಿಗಾಗಿ ತಳ್ಳಾಡುತ್ತಾರೆ. ಮುಂದಿನ ಸಾಲಿನಲ್ಲಿ ಮೂವರು. ಆ ಮೂವರಲ್ಲಿ ಬಲಗಡೆಯವಳು ಇವನ ತಂಗಿ. ಹಿಂದಿನಿಂದ ತನ್ನವರ ನೂಕು, ಮುಂದಿನಿಂದ ಎದುರಿನವರ ಒತ್ತು, ಮಧ್ಯದಲ್ಲಿ ಇವಳ ಕುತ್ತಿಗೆ. ಚೆಂಡು ಹಿಡಿದು ಓಡಿ ಗೆರೆ ದಾಟುವವರ ಮುಖ ಪೇಪರಿನಲ್ಲಿ ಬರುತ್ತದೆ. ಬಲಗಡೆಯವಳ ಫೋಟೊ ಬಂದರೂ ಅದರಲ್ಲಿ ಕಾಣುವುದು ಬೆನ್ನು ಮಾತ್ರ.

ಮನೆಯಲ್ಲಿ ಅವಳ ಹೆಸರು ಪುಟ್ಟಿ. ತೊಂಬತ್ತೆರಡು ಕಿಲೋ ತೂಗುವವಳನ್ನು ಪುಟ್ಟಿ ಎಂದು ಕರೆಯುವುದು ಕೇಳಿ ನೆರೆಹೊರೆಯವರು ನಗುತ್ತಿದ್ದರು. ಆದರೆ ಹೆಸರಿಟ್ಟದ್ದು ತಮಾಷೆಗಲ್ಲ. ಏಳು ತಿಂಗಳಿಗೇ ಅವಸರ ಮಾಡಿಕೊಂಡು ಹುಟ್ಟಿದ ಕೂಸು ಅದು. ಒಂಬತ್ತು ವರ್ಷದ ಅಣ್ಣ ಆಸ್ಪತ್ರೆಯ ಗಾಜಿಗೆ ಮೂಗು ಒತ್ತಿ ನೋಡಿದಾಗ ಒಳಗೆ ಕಂಡದ್ದು ಒಂದು ಟೋಪಿ, ಟೋಪಿಯ ಕೆಳಗೆ ಒಂದು ಬಾಯಿ, ಅಷ್ಟೇ. ಆ ಬಾಯಿ ಮಾತ್ರ ಒಂದೇ ಸಮನೆ ಅರಚುತ್ತಿತ್ತು.

ಅಪ್ಪ ಬೇಗ ತೀರಿಕೊಂಡ. ಅಮ್ಮ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಶಾಲೆ ಬಿಟ್ಟ ಮೇಲೆ ಪುಟ್ಟಿ ಅಮ್ಮನ ಹತ್ತಿರ ಹೋಗಿ ಕೂರುವಳು. ಕೂತಲ್ಲಿ ಕೂರುವ ಜಾಯಮಾನ ಅಲ್ಲವಲ್ಲ, ನೆಲಮಾಳಿಗೆಯಿಂದ ಒದ್ದೆ ಬೆಡ್‌ಶೀಟಿನ ತಳ್ಳುಗಾಡಿಯನ್ನು ಇಳಿಜಾರು ಹತ್ತಿಸಿ ಒಣಗಿಸುವ ಕೋಣೆಗೆ ಮುಟ್ಟಿಸುವುದಕ್ಕೆ ಶುರುಮಾಡಿದಳು. ಗಾಡಿಯ ಒಂದು ಚಕ್ರ ತಿರುಗುತ್ತಿರಲಿಲ್ಲ. ಇಬ್ಬರು ಗಂಡಸರು ಏದುಸಿರು ಬಿಡುತ್ತ ಹತ್ತಿಸುತ್ತಿದ್ದ ಗಾಡಿಯನ್ನು ಹದಿನಾಲ್ಕರ ಹುಡುಗಿ ತಲೆ ತಗ್ಗಿಸಿ, ಬೆನ್ನು ನೆಟ್ಟಗೆ ಮಾಡಿ, ಒಬ್ಬಳೇ ನೂಕಿಬಿಡುತ್ತಿದ್ದಳು.

ಒಂದು ದಿನ ಆ ಇಳಿಜಾರಿನ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು. ಊರಿನ ಹೆಣ್ಣುಮಕ್ಕಳ ಕಾಲೇಜಿನ ಆಟದ ಮೇಡಂ.

"ಏ ಹುಡುಗಿ, ನಿಲ್ಲು. ಅದನ್ನ ಕೆಳಗೆ ತಗೊಂಡು ಹೋಗಿ ಇನ್ನೊಂದು ಸಲ ತಳ್ಳು."

"ಯಾಕೆ?"

"ನಾನು ನೋಡ್ಬೇಕು."

"ನೋಡೋಕೆ ಇದೇನು ನಾಟಕಾನಾ?" ಎಂದು ಪುಟ್ಟಿ ಗಾಡಿ ನೂಕಿಕೊಂಡು ಹೊರಟೇಹೋದಳು.

ಮೇಡಂ ಊರುಗೋಲು ಊರಿಕೊಂಡು ಬೆನ್ನು ಹತ್ತಿದಳು. ಹುಡುಗಿಯನ್ನು ರಗ್ಬಿಗೆ ಕಳಿಸಿ ಎಂದು ಕೇಳಲು ವಾರದೊಳಗೆ ಮನೆಗೂ ಬಂದಳು. ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು, "ಕೈಕಾಲು ಮುರ್ಕೊಂಡು ಬಂದ್ರೆ ಯಾರು ನೋಡ್ಕೋತಾರೆ?" ಪ್ಲಾಸ್ಟರ್ ಹಾಕಿದ ಕಾಲಿನ ಮೇಡಂಗೆ ಇದಕ್ಕೆ ಉತ್ತರ ಹೇಳುವುದು ಕಷ್ಟವಾಯಿತು. ಕೊನೆಗೆ, "ನಾನು ಮೆಟ್ಟಿಲಿಂದ ಬಿದ್ದಿದ್ದಮ್ಮಾ, ಆಟ ಆಡಿ ಅಲ್ಲ," ಎಂದಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಬೇಡ ಎನ್ನುವುದು ಹೇಗೆ?

ಇಪ್ಪತ್ತೆರಡಕ್ಕೆ ಪುಟ್ಟಿ ಪರದೇಶದ ಕ್ಲಬ್ಬೊಂದಕ್ಕೆ ಹೊರಟಳು. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಕಿಟಕಿಯಿಂದ ಕಾಣುವ ಒಂದು ಬಸ್ ನಿಲ್ದಾಣ, ಒಂದಕ್ಷರ ಅರ್ಥವಾಗದ ಭಾಷೆ. ಮೊದಲ ತಿಂಗಳಲ್ಲಿ ಕಲಿತದ್ದು ಮೂರೇ ಮಾತು: ಬಗ್ಗು, ಹಿಡಿ, ತಳ್ಳು. ತರಕಾರಿ ಅಂಗಡಿಯಲ್ಲಿ ಇವು ಯಾವ ಉಪಯೋಗಕ್ಕೆ? ಈರುಳ್ಳಿ ಬೇಕಾದರೆ ಕಣ್ಣುಜ್ಜಿ ಅಳುವ ಹಾಗೆ ಮಾಡಿ ತೋರಿಸಿದಳಂತೆ. ಅಂಗಡಿಯವಳು ಗಾಬರಿಯಾಗಿ ಒಂದು ಲೋಟ ನೀರು ಕೊಟ್ಟು ಕೂರಿಸಿದಳಂತೆ.

ಆ ವರ್ಷವೆಲ್ಲ ಅವಳನ್ನು ಪಂದ್ಯಕ್ಕೆ ಇಳಿಸಲೇ ಇಲ್ಲ. ಅವಳ ಜಾಗದಲ್ಲಿ ಮೂವತ್ತೆಂಟು ವರ್ಷದ ಹಳೇ ಹುಲಿ ಒಬ್ಬಳಿದ್ದಳು. ಅಭ್ಯಾಸದಲ್ಲಿ ಅವಳೇ ಎದುರು ನಿಂತು ಪುಟ್ಟಿಯನ್ನು ದಿನಾ ನೆಲಕ್ಕೆ ಕೆಡವುತ್ತಿದ್ದಳು.

"ದಿನಕ್ಕೆ ಇಪ್ಪತ್ತು ಸಲ ಮುಖ ಮಣ್ಣಿಗೆ ತಾಗುತ್ತೆ ಅಣ್ಣಾ," ಎಂದಳು ಫೋನಿನಲ್ಲಿ.

"ಸಾಕು, ವಾಪಸ್ ಬಂದ್ಬಿಡು."

"ಬರಲ್ಲ. ಅವಳು ಹೇಗೆ ಬೀಳಿಸ್ತಾಳೆ ಅಂತ ಇನ್ನೂ ಗೊತ್ತಾಗಿಲ್ಲ."

ಅಣ್ಣ ಫೋನು ಇಟ್ಟು ಬಹಳ ಹೊತ್ತು ಯೋಚಿಸಿದ. ಸೋತು ಬೇಸರವಾಗಿದೆ ಅನ್ನಲಿಲ್ಲ, ನೋವು ಅನ್ನಲಿಲ್ಲ. ಗೊತ್ತಾಗಿಲ್ಲ ಅಂದಳು! ಏಳು ತಿಂಗಳು ಬಿಟ್ಟು ಒಂದು ದಿನ ತಾನೇ ಫೋನ್ ಮಾಡಿ ಕೂಗಿದಳು, "ಪಾದ ಅಣ್ಣಾ, ಪಾದ! ಅವಳು ಹೆಗಲಲ್ಲಿ ತಳ್ಳಲ್ಲ. ಎಡಗಾಲನ್ನ ಎರಡು ಬೆರಳಷ್ಟು ಹಿಂದೆ ಇಡ್ತಾಳೆ." ಮೂರನೇ ವರ್ಷಕ್ಕೆ ಬಲಗಡೆಯ ಜಾಗ ಪುಟ್ಟಿಯದಾಯಿತು. ಹಳೇ ಹುಲಿ ತನ್ನ ಕೈಯಾರೆ ತನ್ನ ಮೊಣಕಾಲಿನ ಪಟ್ಟಿ ಬಿಚ್ಚಿ ಇವಳಿಗೆ ಕಟ್ಟಿದಳು. ತಂಡದವರು ಇವಳಿಗೆ ತಮ್ಮ ಭಾಷೆಯಲ್ಲಿ 'ಮೇಜು' ಎಂದು ಹೆಸರಿಟ್ಟರು. ಬಗ್ಗಿ ನಿಂತವಳ ಬೆನ್ನ ಮೇಲೆ ನೀರು ತುಂಬಿದ ಲೋಟ ಇಟ್ಟು, ಎದುರಿನಿಂದ ಮೂವರು ತಳ್ಳಿದರೂ ಹನಿ ಚೆಲ್ಲಲಿಲ್ಲವಂತೆ.

ಸುಖದ ಕಥೆಯೇನಲ್ಲ. ಒಂದು ವರ್ಷ ಹೆಗಲು ಜಾರಿ ಆಪರೇಷನ್ ಆಯಿತು. ಇನ್ನೊಂದು ವರ್ಷ ಮೊಣಕಾಲು. ಸ್ಕ್ರಮ್ಮಿನಲ್ಲಿ ಉಜ್ಜಿ ಉಜ್ಜಿ ಕಿವಿ ಎರಡೂ ಊದಿ ಗಂಟಾದವು. ವಿಡಿಯೋದಲ್ಲಿ ಅದನ್ನು ಕಂಡ ಅಮ್ಮ, "ಓಲೆ ಹಾಕೋ ಕಿವಿ ಕಣೇ ಅದು!" ಎಂದು ಕಣ್ಣೀರಿಟ್ಟಳು. ಪುಟ್ಟಿ, "ಕೇಳ್ಸುತ್ತಲ್ಲಮ್ಮಾ, ಸಾಕು ಬಿಡು," ಎಂದಳು.

ಒಂಬತ್ತನೇ ವರ್ಷ ಅಣ್ಣನಿಗೆ ಹನ್ನೆರಡು ದಿನ ರಜೆ ಸಿಕ್ಕಿತು. ತಂಗಿಯ ಆಟ ನೋಡಲು ಹೊರಟವನು ಅಮ್ಮನನ್ನೂ ಕರೆದ. "ನಾನು ಬರಲ್ಲಪ್ಪ. ಬಂದ್ರೆ ಮೈದಾನಕ್ಕೇ ಇಳಿದು ಅವಳನ್ನ ಎಳ್ಕೊಂಡು ಬಂದ್ಬಿಡ್ತೀನಿ. ನೀನು ಹೋಗಿ ಕಣ್ತುಂಬ ನೋಡ್ಕೊಂಡು ಬಾ," ಎಂದಳು.

ತಂಗಿಯ ಕೋಣೆಯಲ್ಲಿ ಮೊದಲ ಬೆಳಿಗ್ಗೆಯೇ ಅಣ್ಣ ದಂಗಾದ. ಅವಳು ಹಾಸಿಗೆಯಿಂದ ಏಳಲಿಲ್ಲ, ಇಳಿದಳು. ಮೊದಲು ನೆಲಕ್ಕೆ ಉರುಳಿ, ಅಂಗಾತ ಮಲಗಿ, ಕುತ್ತಿಗೆಯನ್ನು ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿ ನೋಡಿದಳು. ಆಮೇಲೆ ಹೆಗಲು, ಸೊಂಟ, ಮೊಣಕಾಲು. ಒಂದೊಂದೂ ತನಗೆ ಇನ್ನೂ ಸೇರಿದ್ದೇ ಎಂದು ವಿಚಾರಿಸಿಕೊಳ್ಳುವವಳ ಹಾಗೆ. ನಲವತ್ತು ನಿಮಿಷ ಹಿಡಿಯಿತು.

"ದಿನಾ ಹೀಗೇನಾ?"

"ಪಂದ್ಯದ ಮಾರನೇ ದಿನ ಒಂದು ಗಂಟೆ. ಬಾ, ಹಲ್ಲುಜ್ಜಿ ತಿಂಡಿ ತಿನ್ನು."

ಶನಿವಾರ ಮಧ್ಯಾಹ್ನ ಪಂದ್ಯ. ಅಣ್ಣನಿಗೆ ಮುಂದಿನ ಸಾಲಿನಲ್ಲೇ, ಕಬ್ಬಿಣದ ಕಟಕಟೆಯ ಹಿಂದೆ ಜಾಗ ಸಿಕ್ಕಿತು. ನಾಲ್ಕೈದು ಸಾವಿರ ಜನ ಇದ್ದಿರಬೇಕು. ಪಕ್ಕದಲ್ಲಿ ಒಬ್ಬ ಬೇಕರಿಯವಳು, ಮೊಣಕೈಗೆ ಇನ್ನೂ ಹಿಟ್ಟು ಅಂಟಿಕೊಂಡೇ ಇತ್ತು. ಅವಳು ಮೈದಾನದಲ್ಲಿದ್ದ ಪುಟ್ಟಿಯ ಕಡೆ ಬೆರಳು ಮಾಡಿ, ಆಮೇಲೆ ಅಣ್ಣನ ಮುಖಕ್ಕೆ ಬೆರಳು ಮಾಡಿ, ಎರಡೂ ಒಂದೇ ಎನ್ನುವ ಹಾಗೆ ಕೈ ತಿರುಗಿಸಿದಳು. ಅಣ್ಣ ಹೌದೆಂದು ತಲೆಯಾಡಿಸಿದ. ಅವಳು ಎದ್ದು ಹಿಂದಿನ ಮೂರು ಸಾಲಿಗೂ ಕೂಗಿ ಹೇಳಿದಳು. ಯಾರ್ಯಾರೋ ಬಂದು ಅಣ್ಣನ ಬೆನ್ನು ತಟ್ಟಿ ಹೋದರು.

ಮೊದಲ ಸ್ಕ್ರಮ್ ಅವನ ಕಣ್ಣೆದುರಿಗೇ ನಡೆಯಿತು. ಹದಿನಾರು ಜನ ಬಗ್ಗಿದರು. ಒಂದು ಕ್ಷಣ ಎಲ್ಲ ನಿಂತುಹೋಯಿತು. ರೆಫರಿ ಏನೋ ಕೂಗಿದ್ದೇ ತಡ, ಎರಡು ಗುಂಪೂ ಒಂದಕ್ಕೊಂದು ಅಪ್ಪಳಿಸಿದವು. ಅಣ್ಣ ಜೀವಮಾನವೆಲ್ಲ ಭಾರದ ಜೊತೆ ಬದುಕಿದವನು. ಹದಿನೆಂಟು ಮಹಡಿಯ ಲಿಫ್ಟನ್ನು ಪರೀಕ್ಷೆಗೆಂದು ತಳದ ಹಳ್ಳದ ಸ್ಪ್ರಿಂಗಿನ ಮೇಲೆ ಇಳಿಸುವಾಗ ಅದು ನರಳುವುದನ್ನು ಹತ್ತಿರದಿಂದ ಕೇಳಿದವನು. ಅಂಥದ್ದೇ ಸದ್ದು, ಆದರೆ ಎಲುಬು ಮಾಂಸದಿಂದ ಬಂದದ್ದು. ಆ ಗುಂಪಿನ ತುದಿಯಲ್ಲಿ ಒಂದು ಬೆನ್ನು ಹಲಗೆಯಂತೆ ನೆಟ್ಟಗಿತ್ತು. ಅದು ಇಂಚಿಂಚೇ ಮುಂದಕ್ಕೆ ಹೋಯಿತು. ಅದರ ಎದುರಿನದೆಲ್ಲ ಇಂಚಿಂಚೇ ಹಿಂದಕ್ಕೆ ಹೋಯಿತು. "ಇವಳು ನಮ್ಮನೆಯವಳಾ!" ಎಂದು ಅವನ ಬಾಯಿಂದ ತಾನಾಗಿ ಹೊರಟಿತು. ಭಾಷೆ ಬರದಿದ್ದರೂ ಬೇಕರಿಯವಳಿಗೆ ಅರ್ಥವಾಯಿತು.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಅದು ನಡೆದದ್ದು. ನೆಲ ಒದ್ದೆಯಾಗಿತ್ತು. ಸ್ಕ್ರಮ್ ಹೆಣೆದು ತಳ್ಳು ಶುರುವಾಗುತ್ತಿದ್ದಂತೆ ಪುಟ್ಟಿಯ ಎದುರಿನವಳ ಕಾಲು ಜಾರಿತು. ಇಡೀ ಗುಂಪು ಮುಂದಕ್ಕೆ ಕುಸಿಯಿತು. ಸೀಟಿ ಊದಿದರು. ಹಿಂದಿನವರು ಒಬ್ಬೊಬ್ಬರಾಗಿ ಎದ್ದರು. ಮುಂದಿನ ಸಾಲಿನವರೂ ಎದ್ದರು. ಇಬ್ಬರು ಏಳಲಿಲ್ಲ.

ಎದುರಿನ ಹುಡುಗಿ ಮುಖ ಕೆಳಗಾಗಿ ಬಿದ್ದಿದ್ದಳು. ಅವಳ ತಲೆ ಪುಟ್ಟಿಯ ಬಲ ಪಕ್ಕೆಯ ಅಡಿಯಲ್ಲಿ ಸಿಕ್ಕಿತ್ತು. ಪುಟ್ಟಿ ಎರಡು ಮೊಣಕಾಲು, ಎಡ ಮೊಣಕೈ ಊರಿ ಅವಳ ಮೇಲೆ ಸೇತುವೆಯ ಹಾಗೆ ನಿಂತಿದ್ದಳು. ಬಲಗೈ ಇನ್ನೂ ಆ ಹುಡುಗಿಯ ಅಂಗಿಯನ್ನು ಹಿಡಿದೇ ಇತ್ತು.

ತಂಗಿಗೇ ಏನೋ ಆಯಿತೆಂದುಕೊಂಡ ಅಣ್ಣ, "ಪುಟ್ಟೀ! ಏಳೇ! ಎದ್ದೇಳೇ ಪುಟ್ಟೀ!" ಎಂದು ಕಟಕಟೆ ಹತ್ತಿದ. ಕಾವಲಿನವನು ಸೊಂಟ ಹಿಡಿದು ನಿಲ್ಲಿಸಿದ. ಪುಟ್ಟಿ ಅವನ ಕಡೆ ನೋಡಲಿಲ್ಲ. ತನ್ನವಳೊಬ್ಬಳು ಎಬ್ಬಿಸಲು ಬಂದಾಗ ಮಾತ್ರ ಒಂದು ಮಾತು ಗುಡುಗಿದಳು. ಬಂದವಳು ಬಂದ ಹೆಜ್ಜೆಯಲ್ಲೇ ಕಲ್ಲಾದಳು.

ಡಾಕ್ಟರು ಓಡಿ ಬಂದು ಹುಲ್ಲಿಗೆ ಕೆನ್ನೆ ಹಚ್ಚಿ ಒಳಗೆ ನೋಡಿದರು. ಕೈ ತೂರಿಸಿ ಆ ಹುಡುಗಿಯ ಕುತ್ತಿಗೆ ಮುಟ್ಟಿದರು. ಆಮೇಲೆ ಪುಟ್ಟಿಯ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ಅಣ್ಣನಿಗೆ ಗೊತ್ತಾದದ್ದು ಆಮೇಲೆ: "ಇವಳ ಕೈ ಮರಗಟ್ಟಿದೆ. ಕುತ್ತಿಗೆಗೆ ಆಧಾರವಾಗಿ ಇರೋದು ನಿನ್ನ ಪಕ್ಕೆ ಒಂದೇ. ನೀನು ಅಲುಗಿದ್ರೆ ಅದು ತಿರುಗುತ್ತೆ. ನಾನು ಹೇಳೋ ತನಕ ಹೀಗೇ ಇರು."

ಹಾಗೇ ಇದ್ದಳು.

ದೊಡ್ಡ ಬೋರ್ಡಿನ ಮೇಲೆ ಗಡಿಯಾರ ಓಡುತ್ತಿತ್ತು. ಒಂದು ನಿಮಿಷ. ಎರಡು. ಬಾವುಟದ ಹಗ್ಗ ಕಂಬಕ್ಕೆ ಬಡಿಯುವ ಟಿಕ್ ಟಿಕ್ ಕೇಳುತ್ತಿತ್ತು. ಗೇಟು ತೆಗೆದು ಹಲಗೆ, ಕುತ್ತಿಗೆ ಪಟ್ಟಿ, ಇನ್ನಿಬ್ಬರು ಡಾಕ್ಟರು ಬಂದರು. ನಾಲ್ಕು. ಐದು. ಅಣ್ಣ ಆಗ ತಂಗಿಯ ಕಾಲು ನೋಡಿದ. ಬೂಟಿನ ಮೊಳೆಗಳು ನೆಲಕ್ಕೆ ನಾಟಿದ್ದವು. ಮೀನಖಂಡ ಗಡಗಡ ನಡುಗುತ್ತಿತ್ತು. ತೊಡೆಯೂ ನಡುಗುತ್ತಿತ್ತು. ಬೆನ್ನು ಮಾತ್ರ ನಡುಗುತ್ತಿರಲಿಲ್ಲ. ನಡುಕವೆಲ್ಲ ಸೊಂಟದ ತನಕ ಬಂದು, ಅಲ್ಲಿಂದ ಮೇಲೆ ಹೋಗಬಾರದೆಂದು ಯಾರೋ ತಡೆದು ನಿಲ್ಲಿಸಿದ ಹಾಗಿತ್ತು.

ಅವನಿಗೆ ಕಾವಲಿನವನ ಕೈ ಬಿಡಿಸಿಕೊಳ್ಳುವ ಯೋಚನೆಯೇ ಹೋಯಿತು. ಲಿಫ್ಟಿನ ಕೆಳಗೆ ಹೋಗಿ ಕೆಲಸ ಮಾಡುವಾಗ ಅವನ ತಲೆಯ ಮೇಲೆ ಭಾರ ತಡೆದು ನಿಲ್ಲುವುದು ಉಕ್ಕಿನ ತೊಲೆ. ಉಕ್ಕಿಗೆ ಆಯಾಸವಿಲ್ಲ, ಭಯವಿಲ್ಲ, ಬಿಟ್ಟುಬಿಡೋಣ ಎಂದು ಅನ್ನಿಸುವುದಿಲ್ಲ. ಇವಳಿಗೆ ಎಲ್ಲವೂ ಇದೆ. ಆದರೂ ನಿಂತಿದ್ದಾಳೆ. ಅದೂ ಯಾರಿಗಾಗಿ? ಐದು ನಿಮಿಷದ ಹಿಂದೆ ತಾನೇ ಹಲ್ಲು ಕಚ್ಚಿ ಹಿಂದಕ್ಕೆ ನೂಕುತ್ತಿದ್ದವಳಿಗಾಗಿ. ಅಣ್ಣ ಕಟಕಟೆ ಹಿಡಿದು ನಿಂತ. ಬೇಕರಿಯವಳು ಅವನ ತೋಳು ಹಿಡಿದುಕೊಂಡಿದ್ದಳು.

ಪುಟ್ಟಿಯ ತುಟಿ ಮಾತ್ರ ಆಡುತ್ತಿತ್ತು. ಒಂದೇ ಸಮನೆ ಏನೋ ಹೇಳುತ್ತಿದ್ದಳು.

ಹನ್ನೊಂದನೇ ನಿಮಿಷಕ್ಕೆ ಪಟ್ಟಿ ಬಿಗಿದು, ಹಲಗೆ ಸರಿಸಿ, ಐದು ಜನ ಒಟ್ಟಿಗೆ ಆ ಹುಡುಗಿಯನ್ನು ಅಡಿಯಿಂದ ಜಾರಿಸಿ ತೆಗೆದರು. ಡಾಕ್ಟರು ಪುಟ್ಟಿಯ ಹೆಗಲು ಮುಟ್ಟಿ, ಆಯಿತು ಎಂದರು. ಆದರೂ ಅವಳು ಏಳಲಿಲ್ಲ. ಏಳಲು ಬರಲಿಲ್ಲ. ಕೈಕಾಲು ಸೆಟೆದು ಹಾಗೇ ನಿಂತುಬಿಟ್ಟಿದ್ದವು. ತಂಡದ ನಾಲ್ವರು ಸೇರಿ ಅವಳನ್ನು ಇದ್ದ ಭಂಗಿಯಲ್ಲೇ ಎತ್ತಿ ಪಕ್ಕಕ್ಕೆ ಮಲಗಿಸಿದರು. "ನಿಜವಾಗ್ಲೂ ಮೇಜೇ ಆಗ್ಬಿಟ್ಟೆ," ಎಂದು ಅವಳು ಅಂದಳಂತೆ. ಎತ್ತಿದವರು ನಗುತ್ತ ಅತ್ತರು.

ಸ್ಟ್ರೆಚರ್ ಗೇಟು ದಾಟುವ ತನಕ ಯಾರೂ ಚಪ್ಪಾಳೆ ತಟ್ಟಲಿಲ್ಲ. ದಾಟಿದ ಮೇಲೆ ಎಲ್ಲರೂ ಎದ್ದು ನಿಂತರು. ಎದುರು ತಂಡದ ಹುಡುಗಿಯರು ಸಾಲಾಗಿ ಬಂದು ಒಬ್ಬೊಬ್ಬರೂ ಪುಟ್ಟಿಯ ಬೆನ್ನು ಮುಟ್ಟಿ ಹೋದರು. ಕೈಕಾಲು ಸಡಿಲವಾದ ಮೇಲೆ ಪುಟ್ಟಿ ಗೆರೆಯ ಆಚೆ ಹೋಗಿ ವಾಂತಿ ಮಾಡಿಕೊಂಡಳು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿದರು.

ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಓಣಿಯಲ್ಲಿ ಅಣ್ಣ ಕಾದಿದ್ದ. ಅವಳು ಬಂದಳು. ಇಷ್ಟು ವರ್ಷ ಎತ್ತಿ ಆಡಿಸಿದ, ಗದರಿಸಿದ ತಂಗಿಯ ಎದುರು ಅವನಿಗೆ ಎದ್ದು ನಿಲ್ಲಬೇಕು ಅನ್ನಿಸಿತು. ನಿಂತ.

"ಯಾಕೆ ಹಾಗೆ ನಿಂತೆ? ಕೂತ್ಕೋ ಅಣ್ಣಾ. ಈ ಬಾಟಲಿ ಮುಚ್ಚಳ ತೆಗೆದುಕೊಡು, ನನ್ನ ಬೆರಳು ಮಡಚ್ತಾ ಇಲ್ಲ."

ತೆಗೆದುಕೊಟ್ಟ. ಕುಡಿಸಿದ. ಆಮೇಲೆ ಕೇಳಿದ, "ಅವಳ ಹತ್ರ ಅಷ್ಟು ಹೊತ್ತು ಏನೇ ಮಾತಾಡ್ತಿದ್ದೆ?"

"ಅವಳೂ ಬೇರೆ ದೇಶದವಳು ಅಣ್ಣಾ. ಬಂದು ಮೂರು ತಿಂಗಳಾಯ್ತಷ್ಟೆ. ಇಲ್ಲಿನ ಭಾಷೆ ಬರಲ್ಲ. ಹೆದರ್ಬೇಡ ಅಂದ್ರೂ ಅರ್ಥ ಆಗಲ್ಲ. ಅದಕ್ಕೆ ಹೊಸದಾಗಿ ಬಂದವರಿಗೆ ಏನು ಗೊತ್ತಿರುತ್ತೋ ಅದನ್ನೇ ಹೇಳ್ದೆ. ಈರುಳ್ಳಿ, ಸೋಪು, ಬಸ್ಸು, ಟಿಕೆಟ್ಟು, ನಾಳೆ ರಜೆ. ನಾನು ಒಂದು ಹೇಳೋದು, ಅವಳು ಅದನ್ನ ತಿರುಗಿ ಹೇಳೋದು. ಹೇಳ್ತಾ ಇದ್ದಾಳೆ ಅಂದ್ರೆ ಉಸಿರಾಡ್ತಾ ಇದ್ದಾಳೆ ಅಂತ."

"ಹನ್ನೊಂದು ನಿಮಿಷಾನೂ ಅದೇನಾ?"

"ಎಂಟು ನಿಮಿಷಕ್ಕೆ ನನ್ನ ಮಾತೆಲ್ಲ ಖಾಲಿ. ಆಮೇಲೆ ನಮ್ಮ ಭಾಷೇಲೇ ಹೇಳ್ದೆ. ನಮಗೆ ಜ್ವರ ಬಂದಾಗ ಅಮ್ಮ ಹೇಳ್ತಿದ್ಲಲ್ಲ, ಆಯ್ತು, ಆಯ್ತು, ಇನ್ನೇನು ಆಗೇಹೋಯ್ತು ಅಂತ. ಅದನ್ನೇ." ಪುಟ್ಟಿ ಅಂಗೈ ನೋಡಿಕೊಂಡಳು. "ಅದನ್ನೂ ತಿರುಗಿ ಹೇಳಿದ್ಲು ಅಣ್ಣಾ. ತಪ್ಪುತಪ್ಪಾಗಿ."

ಅಣ್ಣ ಗೋಡೆಯ ಕಡೆ ತಿರುಗಿಕೊಂಡ.

ಮೂರನೇ ದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಕುತ್ತಿಗೆಯ ಒಂದು ಎಲುಬು ಸೀಳಿತ್ತು. ಆಪರೇಷನ್ ಮಾಡಿದ ಡಾಕ್ಟರು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಕಾಗದದಷ್ಟು ಜಾಗ ಬಿಟ್ಟು ತೋರಿಸಿ, ಇಷ್ಟು ಅಲುಗಿದ್ದರೂ ಹುಡುಗಿ ಮತ್ತೆಂದೂ ಹಾಸಿಗೆಯಿಂದ ಏಳುತ್ತಿರಲಿಲ್ಲ ಎಂದರು. ಮಲಗಿದ್ದವಳಿಗೆ ಇಪ್ಪತ್ತು ವರ್ಷ. ತಲೆ ತಿರುಗಿಸುವ ಹಾಗಿರಲಿಲ್ಲ. ಪುಟ್ಟಿ ಅವಳ ಕಣ್ಣಿಗೆ ಕಾಣುವ ಹಾಗೆ ಮೇಲಿಂದ ಬಗ್ಗಿದಳು. ಹುಡುಗಿ, "ಈರುಳ್ಳಿ," ಎಂದಳು, ಆ ದೇಶದ ಭಾಷೆಯಲ್ಲಿ. ಹೇಳಿ ಪುಟ್ಟಿಯ ಕಿರುಬೆರಳನ್ನು ನಿಧಾನ ಮುಷ್ಟಿಯಲ್ಲಿ ಹಿಡಿದಳು. ದೂರದಿಂದ ಬಂದಿದ್ದ ಅವಳ ತಾಯಿ ಪುಟ್ಟಿಯ ಎಡ ಮೊಣಕೈ ಹುಡುಕಿ, ಅಲ್ಲಿ ಕಿತ್ತುಹೋಗಿದ್ದ ಚರ್ಮದ ಸುತ್ತ ಮೆಲ್ಲಗೆ ಸವರುತ್ತ ನಿಂತಳು.

ಊರಿಗೆ ಮರಳಿದ ಅಣ್ಣನನ್ನು ಅಮ್ಮ ಚೀಲ ಇಳಿಸುವ ಮೊದಲೇ ಕೇಳಿದಳು, "ಹೇಗೆ ಆಡ್ತಾಳೋ?"

ಅವನು ಕೈಗಡಿಯಾರ ಬಿಚ್ಚಿದ. ಅದನ್ನು ಅಮ್ಮನ ಕೈಗೆ ಕೊಟ್ಟು, ನಡುಮನೆಯಲ್ಲಿ ಎರಡು ಮೊಣಕಾಲು, ಎಡ ಮೊಣಕೈ ಊರಿ, ತಂಗಿ ನಿಂತ ಹಾಗೇ ನಿಂತ. ಕೆಳಗೆ ಒಂದು ದಿಂಬು ಇಟ್ಟುಕೊಂಡ. ಎದೆ ದಿಂಬಿಗೆ ತಾಗಬೇಕು, ಒತ್ತಬಾರದು. ನಲವತ್ತರ ಗಂಡಸು, ದಿನವೂ ಹಗ್ಗ ಏಣಿ ಹತ್ತಿಳಿಯುವವನು. ನಾಲ್ಕನೇ ನಿಮಿಷ ತುಂಬುವ ಮೊದಲೇ ದಿಂಬಿನ ಮೇಲೆ ದೊಪ್ಪನೆ ಬಿದ್ದ.

"ಅವಳು ಎಷ್ಟು ಹೊತ್ತು?"

"ಹನ್ನೊಂದು."

ಅಣ್ಣ ನಡೆದದ್ದನ್ನೆಲ್ಲ ಹೇಳಿದ, ಮೊಣಕೈ ಗಾಯವನ್ನೂ. ಅಮ್ಮ ಗಡಿಯಾರ ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಪುಟ್ಟಿಗೆ ಫೋನ್ ಹಚ್ಚಿಸಿದಳು. ಅಷ್ಟು ದೊಡ್ಡ ಸಂಗತಿಗೆ ಅವಳು ಕೇಳಿದ್ದು ಇಷ್ಟೇ: "ಮೊಣಕೈ ಗಾಯ ಮಾಯ್ತಾ?"

ಪುಟ್ಟಿ ಆಮೇಲೆ ಇನ್ನೂ ಎರಡು ವರ್ಷ ಆಡಿದಳು. ಮೂರು ವಾರ ಬಿಟ್ಟು ಮತ್ತೆ ಸ್ಕ್ರಮ್ಮಿಗೆ ಬಗ್ಗಿದಾಗ ಹೆದರಿಕೆಯಾಯಿತು ಎಂದು ಅಣ್ಣನಿಗೊಬ್ಬನಿಗೇ ಹೇಳಿದಳು. ಆದರೂ ಬಗ್ಗಿದಳು. ಈಗ ಅದೇ ಕ್ಲಬ್ಬಿನಲ್ಲಿ ಮುಂದಿನ ಸಾಲಿನ ಹುಡುಗಿಯರಿಗೆ ಕೋಚ್. ಮೊದಲ ತಿಂಗಳು ಯಾರಿಗೂ ತಳ್ಳಲು ಬಿಡುವುದಿಲ್ಲವಂತೆ. ಒಬ್ಬರನ್ನೊಬ್ಬರು ಹಿಡಿದು ಸುಮ್ಮನೆ ನಿಲ್ಲುವುದನ್ನಷ್ಟೇ ಕಲಿಸುತ್ತಾಳೆ. ಹುಡುಗಿಯರು ಗೊಣಗುತ್ತಾರೆ. ಗಾಯವಾದ ಹುಡುಗಿ ಮತ್ತೆ ಆಡಲಿಲ್ಲ. ನಡೆಯುತ್ತಾಳೆ, ಸೈಕಲ್ ಹೊಡೆಯುತ್ತಾಳೆ, ಎಡಗೈಯ ಎರಡು ಬೆರಳು ಮಾತ್ರ ಚಳಿಗೆ ಜೋಮು ಹಿಡಿಯುತ್ತವೆ. ಅವಳು ಈಗಲೂ ಪುಟ್ಟಿಗೆ ಆಗಾಗ ಫೋನ್ ಮಾಡುತ್ತಾಳೆ. ಇಬ್ಬರೂ ಆ ದೇಶದ ಭಾಷೆಯನ್ನು ಈಗ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾರೆ.